ಒಬ್ಬ ನೈಟ್‌ಗೆ 135, ಅವನ ಹಿಂದೆ 13 ಆಳು

‘ಏಜ್ ಆಫ್ ಎಂಪೈರ್ಸ್ 2’ ಆಟದಲ್ಲಿ ಕವಚ ತೊಟ್ಟ ಕುದುರೆ ಸವಾರ, ಅಂದರೆ ನೈಟ್, 60 ಆಹಾರ ಮತ್ತು 75 ಚಿನ್ನಕ್ಕೆ ಸಿಗುತ್ತಾನೆ. ಒಟ್ಟು 135. ಲಾಯದಿಂದ ಹೊರಬರಲು ಅವನಿಗೆ 30 ಸೆಕೆಂಡು ಸಾಕು. ಬಿಲ್ಲುಗಾರನಿಗೆ 25 ಮರ, 45 ಚಿನ್ನ, 35 ಸೆಕೆಂಡು. ಈಟಿಯವನಿಗೆ 35 ಆಹಾರ, 25 ಮರ, 22 ಸೆಕೆಂಡು. ಅವನು ಚಿನ್ನ ಕೇಳುವುದಿಲ್ಲ. 1999ರಲ್ಲಿ ಬಂದ ಆಟ ಇದು. ಮಲ್ಲೇಶ್ವರ, ಬಸವನಗುಡಿಯ ಬ್ರೌಸಿಂಗ್ ಸೆಂಟರ್‌ಗಳಲ್ಲಿ ಇದನ್ನು ಕಲಿತ ಹುಡುಗರಿಗೆ ಈಗ ನಲವತ್ತರ ಆಸುಪಾಸು. 2019ರ ಹೊಸ ಆವೃತ್ತಿಯಲ್ಲಿ ಹಲವು ದರಗಳು ಬದಲಾದವು, ಮೇಲೆ ಹೇಳಿದ ಮೂರು ಮಾತ್ರ ಹಾಗೇ ಉಳಿದಿವೆ.

ಈ ಬೆಲೆಗಳನ್ನು ಬಾಯಿಪಾಠ ಮಾಡಿದವರು ಬೇಕಾದಷ್ಟು ಮಂದಿ ಇದ್ದಾರೆ. ಆದರೂ ಅವರಲ್ಲಿ ಹೆಚ್ಚಿನವರು ಸೋಲುತ್ತಾರೆ. ಒಬ್ಬ ಸೈನಿಕನಿಗೆ ಎಷ್ಟು ಎಂಬುದಕ್ಕಿಂತ ನಿಮಿಷಕ್ಕೆ ಎಷ್ಟು ಬೇಕು, ಅದನ್ನು ಒದಗಿಸಲು ಎಷ್ಟು ಕೈ ದುಡಿಯಬೇಕು ಎಂಬ ಲೆಕ್ಕವೇ ಇಲ್ಲಿ ಮುಖ್ಯ ಎಂದು ನಾನು ಬಲವಾಗಿ ನಂಬಿದ್ದೇನೆ.

ಒಂದು ಲಾಯ ಬಿಡುವಿಲ್ಲದೆ ನಡೆದರೆ ನಿಮಿಷಕ್ಕೆ ಇಬ್ಬರು ನೈಟ್. ಅಂದರೆ ನಿಮಿಷಕ್ಕೆ 120 ಆಹಾರ, 150 ಚಿನ್ನ. ಗಣಿಯಲ್ಲಿ ಒಬ್ಬ ವಿಲೇಜರ್ ನಿಮಿಷಕ್ಕೆ ಸುಮಾರು 23 ಚಿನ್ನ ತೆಗೆಯುತ್ತಾನೆ, ಹೊಲದಲ್ಲಿ ಸುಮಾರು 20 ಆಹಾರ ಬೆಳೆಯುತ್ತಾನೆ. ಹಾಗಾದರೆ ಗಣಿಗೆ 7, ಹೊಲಕ್ಕೆ 6, ಒಟ್ಟು 13 ಆಳು. ಆ 13 ಜನರನ್ನು ತಯಾರು ಮಾಡಲು ತಲಾ 50ರಂತೆ 650 ಆಹಾರ, ಆರು ಹೊಲಗಳಿಗೆ ತಲಾ 60ರಂತೆ 360 ಮರ, ಲಾಯಕ್ಕೆ 175 ಮರ. ಮೊದಲ ನೈಟ್ ಹೊರಬರುವ ಮುಂಚೆಯೇ 1,185 ಖರ್ಚಾಗಿದೆ. ಬಿಲ್ಲುಗಾರರ ಎರಡು ಶಾಲೆ ನಡೆಸುವುದಾದರೆ ಮರಕ್ಕೆ 4, ಚಿನ್ನಕ್ಕೆ 7, ಒಟ್ಟು 11 ಆಳು ಸಾಕು, ಹೊಲದ ಗೊಡವೆಯೇ ಇಲ್ಲ. ಆಟದ ಮೊದಲರ್ಧದಲ್ಲಿ ಅನುಭವಸ್ಥರು ಬಿಲ್ಲಿನ ಕಡೆ ವಾಲುವುದಕ್ಕೆ ಇದೂ ಒಂದು ಕಾರಣ.

ಚಾಮರಾಜಪೇಟೆಯಲ್ಲಿರುವ ನನ್ನ ಅಣ್ಣನ ಮಗ ಒಮ್ಮೆ ಕರೆದು ತೋರಿಸಿದ: “ನೋಡು ಚಿಕ್ಕಪ್ಪ, ಮೂರು ಲಾಯ ಕಟ್ಟಿದ್ದೀನಿ, ಆದ್ರೂ ನೈಟ್ ಬರ್ತಾನೇ ಇಲ್ಲ.” ಪರದೆಯ ಮೇಲಂಚಿನಲ್ಲಿ ಮರ ಆರುನೂರು ದಾಟಿತ್ತು, ಚಿನ್ನ ಮುನ್ನೂರರ ಹತ್ತಿರ ಇತ್ತು, ಆಹಾರ ಐವತ್ತು ಮುಟ್ಟಲು ಒದ್ದಾಡುತ್ತಿತ್ತು. ಮೂರು ಲಾಯಕ್ಕೆ ನಿಮಿಷಕ್ಕೆ 360 ಆಹಾರ ಬೇಕು, ಅಂದರೆ 18 ಹೊಲ. ಅವನ ಹತ್ತಿರ ಇದ್ದದ್ದು ಎಂಟು. ಸುಮ್ಮನೆ ನಿಂತ ಎರಡು ಲಾಯಗಳ 350 ಮರದಲ್ಲಿ ಐದು ಹೊಲ ಹಾಕಿ, ಇನ್ನೂ 50 ಉಳಿಸಬಹುದಿತ್ತು. “ಮೊದಲು ಹೊಲ ಹಾಕು ಮರಿ” ಎಂದೆ. ಹಾಕಿದ.

ಇದಕ್ಕಿಂತ ದುಬಾರಿಯಾದ ಇನ್ನೊಂದು ನಷ್ಟ ಕಣ್ಣಿಗೆ ಬೀಳುವುದೇ ಇಲ್ಲ. ಟೌನ್ ಸೆಂಟರ್ 25 ಸೆಕೆಂಡಿಗೆ ಒಬ್ಬ ವಿಲೇಜರನನ್ನು ಕೊಡುತ್ತದೆ. ಯುದ್ಧದ ಗಡಿಬಿಡಿಯಲ್ಲಿ ಅದು ಎರಡು ನಿಮಿಷ ಖಾಲಿ ಬಿದ್ದರೆ ಸುಮಾರು ಐದು ಆಳು ಕಡಿಮೆ. ತಲಾ ನಿಮಿಷಕ್ಕೆ 20ರಂತೆ ಹತ್ತು ನಿಮಿಷದಲ್ಲಿ ಆ ಐವರು 1,000 ದುಡಿಯುತ್ತಿದ್ದರು. ಅವರನ್ನು ತಯಾರಿಸುವ 250 ಕಳೆದರೂ 750 ಉಳಿಯುತ್ತದೆ, ಅದು ಐವರು ನೈಟ್‌ಗಳ ಬೆಲೆ.

ಇನ್ನು ಆಯುಧದ ಮಾತು. ಕಮ್ಮಾರಸಾಲೆಯಲ್ಲಿ 150 ಆಹಾರ ಕೊಟ್ಟು ‘ಫೋರ್ಜಿಂಗ್’ ಮಾಡಿಸಿದರೆ ನೈಟ್‌ನ ಹೊಡೆತ 10ರಿಂದ 11ಕ್ಕೆ ಏರುತ್ತದೆ. ಎಲ್ಲರೂ ಕಣ್ಣು ಮುಚ್ಚಿ ಮಾಡಿಸುತ್ತಾರೆ. ಈಟಿಯವನ ಪ್ರಾಣಬಲ 45. ಹತ್ತರ ಹೊಡೆತಕ್ಕೆ ಐದು ಏಟು ಬೇಕು. ಹನ್ನೊಂದರ ಹೊಡೆತಕ್ಕೆ? ನಾಲ್ಕು ಏಟಿಗೆ 44, ಒಂದು ಬಾಕಿ! ಮತ್ತೆ ಐದೇ ಏಟು. ಈಟಿಯವರ ಎದುರು ಆ 150 ಆಹಾರದಿಂದ ಚಿಕ್ಕಾಸಿನ ಲಾಭವಿಲ್ಲ. ಅದೇ, ‘ಲೂಮ್’ ಮಾಡಿಸಿಕೊಂಡ ಶತ್ರುವಿನ ವಿಲೇಜರ್‌ಗಳ ಮೇಲೆ ಬಿದ್ದರೆ ಲೆಕ್ಕ ತಿರುಗುತ್ತದೆ: ಅವರ ಪ್ರಾಣಬಲ 40, ಕವಚ 1. ಮೊದಲು ಐದು ಏಟು, ಫೋರ್ಜಿಂಗ್ ಆದ ಮೇಲೆ ನಾಲ್ಕು. ಈಟಿಯವನನ್ನು ನಾಲ್ಕೇ ಏಟಿಗೆ ಕೆಡವಬೇಕಾದರೆ ಮುಂದಿನ ‘ಐರನ್ ಕಾಸ್ಟಿಂಗ್’ ಕೂಡ ಬೇಕು. ಅದಕ್ಕೆ 220 ಆಹಾರ, 120 ಚಿನ್ನ. ಎರಡೂ ಸೇರಿ 490, ಅಂದರೆ ಸುಮಾರು ಮೂರೂವರೆ ನೈಟ್‌ಗಳ ಬೆಲೆ. ಐದಾರು ಕುದುರೆ ಇಟ್ಟುಕೊಂಡವರು ಇದಕ್ಕೆ ಕೈ ಹಾಕುವುದು ದಂಡ. ಹದಿನೈದು ಇದ್ದರೆ ಮಾಡಿಸಲೇಬೇಕು. ಎದುರಾಳಿ ಯಾರು, ನಮ್ಮ ಸಂಖ್ಯೆ ಎಷ್ಟು ಎಂದು ತಿಳಿಯದೆ ಕಮ್ಮಾರಸಾಲೆಗೆ ಹೋಗಬಾರದು.

ಈಟಿಯವರ ಕಡೆಯಿಂದಲೂ ಲೆಕ್ಕ ನೋಡಬೇಕು. ಇಬ್ಬರಿಗೆ 120, ಒಬ್ಬ ನೈಟ್‌ಗಿಂತ 15 ಕಡಿಮೆ. ಕುದುರೆಯ ಮೇಲೆ ಅವರ ಹೊಡೆತ 3ರ ಜತೆ 15 ಹೆಚ್ಚುವರಿ, ಕವಚದ 2 ಕಳೆದು 16. ನೈಟ್‌ನ 100 ಪ್ರಾಣಬಲಕ್ಕೆ ಏಳು ಏಟು. ಒಬ್ಬನೇ ನಿಂತರೆ ಈಟಿಯವನು ಸಾಯುತ್ತಾನೆ. ಇಬ್ಬರೂ ಒಟ್ಟಿಗೆ ನಿಂತರೆ ಸಾಮಾನ್ಯವಾಗಿ ಒಬ್ಬನನ್ನು ಕಳೆದುಕೊಂಡು ನೈಟ್‌ನನ್ನು ಉರುಳಿಸುತ್ತಾರೆ. 60 ಕೊಟ್ಟು 135 ಕಿತ್ತುಕೊಂಡಂತೆ, ಅದರಲ್ಲಿ 75 ಚಿನ್ನ.

ಪಡೆಗಿಂತ ಅದರ ಹಿಂದಿನ ಒದಗಣೆ ಮುಖ್ಯ ಎಂಬ ಲೆಕ್ಕ ನಿಜವಾಗಿ ನಡೆದದ್ದನ್ನು ನೋಡಲು ಚಾಮರಾಜಪೇಟೆಯವರು ದೂರ ಹೋಗಬೇಕಿಲ್ಲ. ಕೆ.ಆರ್. ಮಾರುಕಟ್ಟೆಯ ಕಡೆ ನಡೆದರೆ ಬೆಂಗಳೂರು ಕೋಟೆಯ ದೆಹಲಿ ಬಾಗಿಲು ಈಗಲೂ ನಿಂತಿದೆ. ಹೈದರ್ ಅಲಿ 1761ರಲ್ಲಿ ಕಲ್ಲಿನಲ್ಲಿ ಕಟ್ಟಿಸಿದ ಕೋಟೆ ಅದು. 1791ರ ಮಾರ್ಚ್ 7ರಂದು ಈಸ್ಟ್ ಇಂಡಿಯಾ ಕಂಪನಿಯ ಕಾರ್ನ್‌ವಾಲಿಸನ ಸೇನೆ ಪೇಟೆಯನ್ನು ಹಿಡಿಯಿತು, 21ರ ರಾತ್ರಿ ಕೋಟೆಯನ್ನು. ಕಿಲ್ಲೇದಾರ ಬಹಾದುರ್ ಖಾನ್ ಹೋರಾಡುತ್ತಲೇ ಸತ್ತ. ಗೋಡೆ ಒಡೆಯುವ ದೊಡ್ಡ ಫಿರಂಗಿಗಳು ಕಂಪನಿ ಸೇನೆಯ ಬಳಿ ಇದ್ದವು, ಪಳಗಿದ ಸಿಪಾಯಿಗಳೂ ಇದ್ದರು. ಮೇ ಮೊದಲ ವಾರದಲ್ಲಿ ಅದೇ ಸೇನೆ ಶ್ರೀರಂಗಪಟ್ಟಣಕ್ಕೆ ಹೊರಟಿತು. ದೂರ ಸುಮಾರು 125 ಕಿಲೋಮೀಟರ್. ದಾರಿಯ ಮೇವನ್ನು ಟಿಪ್ಪು ಮೊದಲೇ ಸುಡಿಸಿದ್ದ. ಮೇ 15ರಂದು ಅರಕೆರೆಯ ಬಳಿ ಕಾಳಗದಲ್ಲಿ ಗೆದ್ದರೂ ಫಿರಂಗಿ ಎಳೆಯಲು ಎತ್ತುಗಳೇ ಉಳಿದಿರಲಿಲ್ಲ. ಗೆದ್ದ ಸೇನೆ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಬೆಂಗಳೂರಿಗೆ ಹಿಂತಿರುಗಿತು.

ಎತ್ತಿನ ಬೆಲೆ ಮೈಸೂರಿಗೆ ಚೆನ್ನಾಗಿ ಗೊತ್ತಿತ್ತು. ಚಿಕ್ಕದೇವರಾಜ ಒಡೆಯರು ಕಟ್ಟಿದ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆಯನ್ನು ಹೈದರ್ ಸೇನೆಯ ಸಾಗಣೆಗೆ ತಿರುಗಿಸಿದ, ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ತಳಿಗಳ ಆ ಎತ್ತುಗಳ ಬಲದಿಂದ ಹೈದರನ ಸೇನೆ ಎರಡೂವರೆ ದಿನದಲ್ಲಿ 100 ಮೈಲಿ ನಡೆದದ್ದನ್ನು ಬ್ರಿಟಿಷರೇ ಬೆರಗಿನಿಂದ ಬರೆದಿಟ್ಟಿದ್ದಾರೆ. ಪರಿಣತ ಪಡೆಯನ್ನು ಇಂತಿಷ್ಟು ಪ್ರಮಾಣದಲ್ಲಿ ಹಂಚುವುದೂ ಮೈಸೂರಿಗೆ ತಿಳಿದಿತ್ತು. ಟಿಪ್ಪುವಿನ ‘ಫತುಲ್ ಮುಜಾಹಿದೀನ್’ ಎಂಬ ಸೈನಿಕ ಕೈಪಿಡಿಯ ಪ್ರಕಾರ ಒಂದೊಂದು ಕುಶೂನ್‌ಗೆ, ಅಂದರೆ ದಳಕ್ಕೆ, 200 ರಾಕೆಟ್‌ ಆಳುಗಳು. 16ರಿಂದ 24 ಕುಶೂನ್ ಎಂದರೆ 3,200ರಿಂದ 4,800 ಮಂದಿ. ಬೆಂಗಳೂರಿನ ತಾರಾಮಂಡಲಪೇಟೆಯ ಹೆಸರು ಆ ರಾಕೆಟ್‌ಗಳ ಕಾಲದ ಗುರುತು.

ಕಾರ್ನ್‌ವಾಲಿಸ್ ಪಾಠ ಕಲಿತ. ಉಳಿದ ವರ್ಷವೆಲ್ಲ ಹೊಸ ಸೈನಿಕರಿಗಿಂತ ಹೆಚ್ಚಾಗಿ ದಾರಿ ಮತ್ತು ದಾಸ್ತಾನಿನ ಮೇಲೆ ಗಮನ ಇಟ್ಟ. ಬಂಜಾರರ ಎತ್ತಿನ ಹಿಂಡುಗಳು ಧಾನ್ಯ ತಂದವು. ಅಕ್ಟೋಬರಿನಲ್ಲಿ ನಂದಿದುರ್ಗ, ಡಿಸೆಂಬರಿನಲ್ಲಿ ಸಾವನದುರ್ಗ ಬಿದ್ದು ಬೆಂಗಳೂರಿನ ಸುತ್ತಲ ಸಾಗಣೆ ದಾರಿ ಭದ್ರವಾಯಿತು. 1792ರ ಫೆಬ್ರುವರಿಯಲ್ಲಿ ಮತ್ತೆ ಶ್ರೀರಂಗಪಟ್ಟಣದ ಮುಂದೆ ನಿಂತಾಗ ಎತ್ತು, ಧಾನ್ಯ, ಫಿರಂಗಿ ಮೂರೂ ಜತೆಗಿದ್ದವು. ಮಾರ್ಚಿನ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ಕೊಡಬೇಕಾಯಿತು.

ಮತ್ತೆ ಆಟಕ್ಕೆ ಬರೋಣ. 2022ರ ಏಪ್ರಿಲ್‌ನಲ್ಲಿ ಅದಕ್ಕೆ ದ್ರಾವಿಡರ ಪಡೆ ಸೇರಿತು. ಆ ಪಡೆಯಲ್ಲಿ ನೈಟ್‌ಗಳೇ ಇಲ್ಲ. ಆದರೆ ಪ್ರತಿ ಯುಗ ದಾಟಿದಾಗ 200 ಮರ ಉಚಿತ, ಈಟಿಯವರನ್ನು ತಯಾರಿಸುವ ಬ್ಯಾರಕ್ಸ್‌ನ ಸುಧಾರಣೆಗಳಿಗೆ ಅರ್ಧ ಬೆಲೆ. ಅಣ್ಣನ ಮಗನಿಗೆ ನಾನು ಹೇಳಿದ ಕ್ರಮ ಇದು: ಆ 200 ಮರವನ್ನು ಬ್ಯಾರಕ್ಸ್‌ಗೆ ಸುರಿಯದೆ ಮೂರು ಹೊಲಕ್ಕೆ ಹಾಕು. ಎದುರಾಳಿಯ ಲಾಯ ಕಂಡ ಕೂಡಲೇ ಈಟಿಯವರಿಗೆ ಪೈಕ್‌ಮನ್ ಸುಧಾರಣೆ ಮಾಡಿಸು. ಉಳಿದವರು ತೆರುವ ಬೆಲೆಯ ಅರ್ಧಕ್ಕೇ ಆ ಕೆಲಸ ನಿನಗೆ ಆಗುತ್ತದೆ. ನೈಟ್‌ನನ್ನು ಕೆಡವಲು ಈಟಿಯವನಿಗೆ ಬೇಕಿದ್ದ ಏಳು ಏಟು ಐದಕ್ಕೆ ಇಳಿಯುತ್ತದೆ. ಅವನನ್ನು ಕೆಡವಲು ನೈಟ್‌ಗೆ ಸಾಕಾಗುತ್ತಿದ್ದ ಐದು ಏಟು ಆರಾಗುತ್ತದೆ.