ಹಾಜರಿ ಪಟ್ಟಿಯಿಂದ ಹತ್ಯೆಯ ಪಟ್ಟಿಯವರೆಗೆ

ನರಮೇಧವನ್ನು ಕುರಿತು ಹೇಗೆ ಬರೆಯಬೇಕು ಎಂಬ ಚರ್ಚೆ ಸಾಮಾನ್ಯವಾಗಿ ಹೆಣಗಳ ಲೆಕ್ಕ ಮುಗಿದ ಮೇಲೆ ಆರಂಭವಾಗುತ್ತದೆಯಾದರೂ, ರುವಾಂಡಾದ ಮಟ್ಟಿಗೆ ಬರವಣಿಗೆ ಮೊದಲು ಬಂತು, ಕತ್ತಿ ಆಮೇಲೆ ಬಂತು. ಒಂದು ರಾಷ್ಟ್ರೀಯ, ಜನಾಂಗೀಯ ಅಥವಾ ಧಾರ್ಮಿಕ ಸಮುದಾಯವನ್ನು ಪೂರ್ಣವಾಗಿಯೋ ಭಾಗಶಃವೋ ನಾಶಮಾಡುವ ಉದ್ದೇಶದಿಂದ ಎಸಗುವ ಕೃತ್ಯಗಳನ್ನು ವಿಶ್ವಸಂಸ್ಥೆಯ 1948ರ ಒಡಂಬಡಿಕೆ ನರಮೇಧವೆಂದು ಗುರುತಿಸುತ್ತದೆ. ಎಂದರೆ, ಸತ್ತವರ ಸಂಖ್ಯೆಗಿಂತ ಕೊಂದವರ ಉದ್ದೇಶವೇ ಇಲ್ಲಿ ನಿರ್ಣಾಯಕ. 1994ರ ಏಪ್ರಿಲ್ 6ರ ರಾತ್ರಿ ಅಧ್ಯಕ್ಷ ಜುವೆನಾಲ್ ಹಬ್ಯಾರಿಮಾನ ಅವರಿದ್ದ ವಿಮಾನವನ್ನು ಕಿಗಾಲಿಯಲ್ಲಿ ಹೊಡೆದುರುಳಿಸಿದ ಬಳಿಕ, ಸುಮಾರು ನೂರು ದಿನಗಳಲ್ಲಿ ಹುಟು ತೀವ್ರವಾದಿಗಳ ಕೈಯಲ್ಲಿ ಎಂಟು ಲಕ್ಷದಷ್ಟು ಜನ ಹತರಾದರು. ಅವರಲ್ಲಿ ಬಹುಪಾಲು ಟುಟ್ಸಿಗಳು, ಜೊತೆಗೆ ಹತ್ಯೆಯನ್ನು ವಿರೋಧಿಸಿದ ಹುಟುಗಳು.

ಅಂಥ ಉದ್ದೇಶ ಒಂದು ರಾತ್ರಿಯಲ್ಲಿ ಹುಟ್ಟಿದ್ದಲ್ಲ. ಒಂದೇ ಕಿನ್ಯಾರ್ವಾಂಡ ಭಾಷೆಯಾಡುತ್ತ, ಅದೇ ಬೆಟ್ಟಗಳ ಮೇಲೆ ಅಕ್ಕಪಕ್ಕದಲ್ಲಿ ಬಾಳುತ್ತಿದ್ದ ಹುಟು, ಟುಟ್ಸಿಗಳ ನಡುವಣ ಭೇದವನ್ನು 1930ರ ದಶಕದಲ್ಲಿ ಬೆಲ್ಜಿಯನ್ ವಸಾಹತು ಆಡಳಿತ ಗುರುತಿನ ಚೀಟಿಗೆ ಇಳಿಸಿತು. ಟುಟ್ಸಿಗಳು ಹೊರಗಿನಿಂದ ಬಂದ ಮೇಲುಕುಲದವರೆಂಬ ಯುರೋಪಿಯನ್ನರ ಊಹೆ ಶಾಲೆಯ ಪಾಠವಾಯಿತು. 1962ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ಅದೇ ಪಾಠ ತಿರುವುಮುರುವಾಗಿ, ಹೊರಗಿನಿಂದ ಬಂದವರಿಗೆ ಇಲ್ಲಿ ಜಾಗವಿಲ್ಲವೆಂಬ ರಾಜಕಾರಣಕ್ಕೆ ಒದಗಿಬಂತು. ಮೇಷ್ಟ್ರು ಹುಟುಗಳನ್ನೊಮ್ಮೆ, ಟುಟ್ಸಿಗಳನ್ನೊಮ್ಮೆ ಎದ್ದು ನಿಲ್ಲಿಸಿ ಎಣಿಸುತ್ತಿದ್ದುದನ್ನು ಬದುಕುಳಿದ ಅನೇಕರು ನೆನೆದಿದ್ದಾರೆ. ತಾವು ಯಾವ ಗುಂಪಿನವರೆಂದು ಕೆಲವು ಮಕ್ಕಳಿಗೆ ಮೊದಲು ತಿಳಿದದ್ದೇ ಆ ಎಣಿಕೆಯ ಹೊತ್ತಿನಲ್ಲಿ.

ಪಾಠ ಮಾಡಿದ್ದನ್ನು ಪತ್ರಿಕೆ ಬೆಳೆಸಿತು. ‘ಕಂಗೂರ’ ಎಂಬ ಪತ್ರಿಕೆ 1990ರ ಡಿಸೆಂಬರ್‌ನಲ್ಲಿ ಹುಟುಗಳಿಗಾಗಿ ಟುಟ್ಸಿದ್ವೇಷದ ಹತ್ತು ಕಟ್ಟಳೆಗಳನ್ನು ಪ್ರಕಟಿಸಿತು. 1993ರ ಜುಲೈನಲ್ಲಿ ಪ್ರಸಾರ ಆರಂಭಿಸಿದ ಆರ್‌ಟಿಎಲ್‌ಎಂ ಬಾನುಲಿ, ಜನಪ್ರಿಯ ಹಾಡು ಮತ್ತು ಹರಟೆಗಳ ನಡುನಡುವೆ ಟುಟ್ಸಿಗಳನ್ನು ಜಿರಲೆಗಳೆಂದು ಕರೆಯಿತು, ಹತ್ಯೆಯ ದಿನಗಳಲ್ಲಿ ಜನರ ಹೆಸರುಗಳನ್ನೂ ಅಡಗಿಕೊಂಡ ಜಾಗಗಳನ್ನೂ ಓದಿಹೇಳಿತು. ವಿಶ್ವಸಂಸ್ಥೆಯ ನ್ಯಾಯಮಂಡಳಿ ತಾಂಜಾನಿಯಾದ ಅರುಷಾದಲ್ಲಿ 2003ರಲ್ಲಿ ನೀಡಿದ ತೀರ್ಪು ಈ ಮಾಧ್ಯಮಗಳ ಹಿಂದಿದ್ದ ಮೂವರನ್ನು ಅಪರಾಧಿಗಳೆಂದು ಘೋಷಿಸಿತು. 2007ರಲ್ಲಿ ಮೇಲ್ಮನವಿ ಪೀಠ ಕೆಲವು ಆರೋಪಗಳನ್ನು ಕೈಬಿಟ್ಟು ಶಿಕ್ಷೆಯನ್ನು ಇಳಿಸಿತು. ಆ ಮೂವರಲ್ಲೊಬ್ಬ, ಬಾನುಲಿಯ ಸ್ಥಾಪಕರಲ್ಲಿ ಪ್ರಮುಖನಾದ ಫರ್ಡಿನಾಂಡ್ ನಹಿಮಾನ, ವೃತ್ತಿಯಿಂದ ವಿಶ್ವವಿದ್ಯಾಲಯದ ಇತಿಹಾಸ ಪ್ರಾಧ್ಯಾಪಕ. ತರಗತಿಗೂ ಸುದ್ದಿಮನೆಗೂ ನಡುವೆ ಗೋಡೆಯಿದೆ ಎಂದು ನಂಬುವವರು ಈ ಒಂದು ವಿವರದ ಮುಂದೆ ಸ್ವಲ್ಪ ನಿಲ್ಲಬೇಕು.

ಹೊರಗಿನ ಪತ್ರಿಕೋದ್ಯಮದ ಲೋಪ ಬೇರೆ ಬಗೆಯದು. ಆ ಏಪ್ರಿಲ್, ಮೇ ತಿಂಗಳುಗಳಲ್ಲಿ ವರದಿಗಾರರ ದಂಡು ಮಂಡೇಲಾರ ಗೆಲುವನ್ನು ಕಾಣಲು ದಕ್ಷಿಣ ಆಫ್ರಿಕಾದಲ್ಲಿತ್ತು. ರುವಾಂಡಾದಿಂದ ಹೊರಟ ಎಷ್ಟೋ ಸುದ್ದಿಗಳು ಯೋಜಿತ ಹತ್ಯೆಯನ್ನು ಬುಡಕಟ್ಟುಗಳ ಹಳೆಯ ಜಗಳವೆಂದು ಬಣ್ಣಿಸಿದವು. ಜುಲೈನಲ್ಲಿ ಗಡಿಯಾಚೆಯ ಗೋಮಾದ ನಿರಾಶ್ರಿತರ ಶಿಬಿರಗಳಲ್ಲಿ ಕಾಲರಾ ಹರಡಿದಾಗ ಕ್ಯಾಮೆರಾಗಳು ಅಲ್ಲಿ ನೆರೆದವು, ಆದರೆ ಆ ನಿರಾಶ್ರಿತರ ನಡುವೆಯೇ ಕೊಲೆಗಾರರೂ ಇದ್ದರು.

ಕಥನ ಸಾಹಿತ್ಯ ತಡವಾಗಿ ಬಂತು, ಆದರೆ ಇತರರು ಬಿಟ್ಟದ್ದನ್ನು ಹಿಡಿಯಿತು. 1998ರಲ್ಲಿ ಆಫ್ರಿಕಾದ ಸುಮಾರು ಹತ್ತು ಮಂದಿ ಲೇಖಕರು ನೆನಪಿನ ಹೊಣೆಯಾಗಿ ಬರೆಯಲೆಂದು ರುವಾಂಡಾಕ್ಕೆ ಹೋದರು. ಸೆನೆಗಲ್‌ನ ಬೂಬಕರ್ ಬೋರಿಸ್ ಜೋಪ್ ಅವರಲ್ಲೊಬ್ಬರು. ಅವರ ಕಾದಂಬರಿಗೆ ಹೆಸರಾದ ಮುರಾಂಬಿ ದಕ್ಷಿಣ ರುವಾಂಡಾದ ಒಂದು ತಾಂತ್ರಿಕ ಶಾಲೆಯ ತಾಣ. ಕಟ್ಟಡ ಇನ್ನೂ ಪೂರ್ಣವಾಗಿರದ ಆ ಶಾಲೆಯಲ್ಲಿ ರಕ್ಷಣೆ ಸಿಗುತ್ತದೆಂಬ ಭರವಸೆ ಕೊಟ್ಟು ಟುಟ್ಸಿಗಳನ್ನು ಸೇರಿಸಿ, ನೀರು ನಿಲ್ಲಿಸಿ, ಏಪ್ರಿಲ್ 21ರಂದು ಹತ್ತಾರು ಸಾವಿರ ಜನರನ್ನು ಕೊಲ್ಲಲಾಯಿತು. ಮುಂದೆ ಸ್ಮಾರಕವಾದ ಆ ತರಗತಿಗಳ ಹಲಗೆಮಂಚಗಳ ಮೇಲೆ, ಸುಣ್ಣ ಬಳಿದು ಕಾಪಿಟ್ಟ ದೇಹಗಳು, ಕೆಲವು ಮುಖಕ್ಕೆ ಕೈ ಅಡ್ಡ ಹಿಡಿದ ಭಂಗಿಯಲ್ಲೇ, ಸಾಲಾಗಿ ಮಲಗಿದವು. ಜೋಪ್ ಈ ದೃಶ್ಯವನ್ನು ವರ್ಣಿಸಿ ಸುಮ್ಮನಾಗುವುದಿಲ್ಲ: ಕೊಂದವರು, ಸತ್ತವರು ಸರದಿಯಂತೆ ಮಾತನಾಡುತ್ತಾರೆ, ಪರದೇಶದಿಂದ ಮರಳಿದ ಇತಿಹಾಸದ ಮೇಷ್ಟ್ರೊಬ್ಬರಿಗೆ ತನ್ನ ತಂದೆಯೇ ಮುರಾಂಬಿಯ ಹತ್ಯೆಯನ್ನು ಸಂಘಟಿಸಿದವನೆಂದು ತಿಳಿಯುತ್ತದೆ. ಇದಕ್ಕಿಂತಲೂ ಹರಿತವಾದ ಕೃತಿ ಸ್ಕೊಲಾಸ್ಟಿಕ್ ಮುಕಸೊಂಗಾ ಅವರ ‘ನೈಲ್‌ನ ನಮ್ಮ ಮಾತೆ’ ಎಂದರೆ ತಪ್ಪಾಗದು. 1994ರಲ್ಲಿ 37 ಮಂದಿ ಬಂಧುಗಳನ್ನು ಕಳೆದುಕೊಂಡ ಈ ಲೇಖಕಿ 2012ರ ಆ ಕಾದಂಬರಿಯನ್ನು 1970ರ ದಶಕದ ಹೆಣ್ಣುಮಕ್ಕಳ ವಸತಿಶಾಲೆಯಲ್ಲಿ, ಟುಟ್ಸಿಗಳಿಗೆ ಶೇಕಡಾ 10ರ ಮಿತಿಯಿದ್ದ ತರಗತಿಯಲ್ಲಿ ನಿಲ್ಲಿಸಿದ್ದಾರೆ. ಊಟದ ಮೇಜಿನ ಚುಚ್ಚುಮಾತು, ಒಂದು ವಿಗ್ರಹದ ಮೂಗಿನ ಕುರಿತ ಜಗಳ ಇವೇ ಅಲ್ಲಿ ಹಿಂಸೆಗೆ ದಾರಿ ಮಾಡುವುದರಿಂದ, ತಲೆಬುರುಡೆಗಳನ್ನು ಎಣಿಸುವ ಬರಹ ತೋರಿಸಲಾರದ್ದು ಓದುಗರಿಗೆ ಕಾಣುತ್ತದೆ.

ಆ ಲೇಖಕಿಯ ಕುಟುಂಬವನ್ನು ಗಡೀಪಾರು ಮಾಡಿದ್ದ ನ್ಯಾಮಾಟಾ ಪ್ರದೇಶದಲ್ಲೇ ಫ್ರೆಂಚ್ ಪತ್ರಕರ್ತ ಜಾನ್ ಹಾಟ್ಜ್‌ಫೆಲ್ಡ್ ಮೊದಲು ಬದುಕುಳಿದವರನ್ನೂ ಆಮೇಲೆ ಜೈಲಿನಲ್ಲಿದ್ದ ಕೊಲೆಗಾರರ ಒಂದು ಗುಂಪನ್ನೂ ಮಾತನಾಡಿಸಿದರು. ಕೊಂದವರಿಗೆ ಪುಟಗಳನ್ನು ಬಿಟ್ಟುಕೊಡುವುದು ಸರಿಯೇ ಎಂಬ ಆಕ್ಷೇಪ ಹಗುರವಾದದ್ದಲ್ಲ. ಆದರೂ ಹೊಲದ ದುಡಿಮೆಯಂತೆ ಹೊತ್ತಿಗೆ ಸರಿಯಾಗಿ ಹೊರಟು ಹೊತ್ತಿಗೆ ಸರಿಯಾಗಿ ಮರಳುತ್ತಿದ್ದುದನ್ನು ಅವರ ಬಾಯಿಂದಲೇ ಕೇಳದಿದ್ದರೆ ಆ ದಿನಚರಿ ತಿಳಿಯುವ ಬೇರೆ ದಾರಿ ಕಡಿಮೆ.

ಕಡೆಗೂ ಇತ್ಯರ್ಥವಾಗದೆ ಉಳಿದದ್ದು ತರಗತಿಯ ಪ್ರಶ್ನೆ. ನರಮೇಧ ನಡೆಸಿದವರನ್ನು ಯುದ್ಧದಲ್ಲಿ ಸೋಲಿಸಿದ ಬಂಡುಕೋರ ಪಡೆಯ ಹೊಸ ಸರ್ಕಾರ 1994ರ ಬಳಿಕ ದೇಶದ ಇತಿಹಾಸದ ಬೋಧನೆಯನ್ನೇ ಹಲವು ವರ್ಷ ತಡೆಹಿಡಿಯಿತು; ಪಾಠ ಮರಳಿದಾಗ ಎಲ್ಲರೂ ರುವಾಂಡಾದವರು ಎಂಬ ಒಂದೇ ಕಥನದೊಂದಿಗೆ ಮರಳಿತು, ‘ನರಮೇಧದ ಸಿದ್ಧಾಂತ’ವನ್ನು ಅಪರಾಧವಾಗಿಸಿದ 2008ರ ಕಾನೂನು ಅದಕ್ಕೆ ಕಾವಲಾಯಿತು. ನರಮೇಧವನ್ನು ದಾಖಲೆ ಸಮೇತ ನಿರೂಪಿಸಿದ 1999ರ ಬೃಹತ್ ಗ್ರಂಥದಲ್ಲಿ, ಗೆದ್ದ ಪಡೆಯವರು ನಡೆಸಿದ ಹತ್ಯೆಗಳನ್ನೂ ಬರೆದಿದ್ದ ಇತಿಹಾಸಜ್ಞೆ ಆಲಿಸನ್ ಡೆ ಫೋರ್ಜ್ ಅವರಿಗೆ ಅದೇ 2008ರಲ್ಲಿ ದೇಶದೊಳಗೆ ಪ್ರವೇಶ ನಿರಾಕರಿಸಲಾಯಿತು. ಸತ್ತವರ ಮಕ್ಕಳೂ ಕೊಂದವರ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುವ ಶಾಲೆಯಲ್ಲಿ, ನರಮೇಧವನ್ನೂ ಗೆದ್ದವರ ಹತ್ಯೆಗಳನ್ನೂ ಒಂದೇ ತಕ್ಕಡಿಗೆ ಹಾಕದೆ, ಆದರೆ ಒಂದನ್ನು ಹೇಳಲು ಇನ್ನೊಂದನ್ನು ಮುಚ್ಚದೆ ಪಾಠ ಮಾಡಬಯಸುವ ಶಿಕ್ಷಕರು ಬಹುಮಟ್ಟಿಗೆ ಪಠ್ಯಪುಸ್ತಕದ ಸಾಲುಗಳಿಗೇ ಅಂಟಿಕೊಳ್ಳುತ್ತಾರೆ.