ಕಡಕ್ ರೊಟ್ಟಿಗೆ ಬೂಷ್ಟು ಯಾಕೆ ಹಿಡಿಯುವುದಿಲ್ಲ?

ಒಂದೇ ಹಿಟ್ಟು, ಒಂದೇ ಹಂಚು, ಒಂದೇ ಒಲೆ. ಅದರಿಂದ ಇಳಿದ ಎರಡು ಜೋಳದ ರೊಟ್ಟಿಗಳಲ್ಲಿ ಒಂದನ್ನು ಮೆತ್ತಗಿರುವಾಗಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಎರಡು-ಮೂರು ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಇನ್ನೊಂದನ್ನು ಒಲೆಯ ಮಗ್ಗುಲಿಗೆ ಆನಿಸಿ, ಸಣ್ಣ ಕಾವಿನಲ್ಲಿ ಗರಿಗರಿಯಾಗುವ ತನಕ ಒಣಗಿಸಿ ಅಂಥದೇ ಚೀಲದಲ್ಲಿ ಕಟ್ಟಿದರೆ ತಿಂಗಳುಗಟ್ಟಲೆ ಏನೂ ಆಗುವುದಿಲ್ಲ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಕಡಕ್ ರೊಟ್ಟಿಯ ವ್ಯಾಪಾರ ನಿಂತಿರುವುದೇ ಈ ವ್ಯತ್ಯಾಸದ ಮೇಲೆ. ಇದಕ್ಕೆ ಕಾರಣ ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ, ಬೆಂಕಿಯಲ್ಲಿ ಚೆನ್ನಾಗಿ ಬೆಂದಿದೆ, ಕ್ರಿಮಿಗಳೆಲ್ಲ ಸತ್ತಿವೆ ಎಂಬುದು. ಈ ಉತ್ತರ ನಿಲ್ಲುವುದಿಲ್ಲ. ಕಾದ ಹಂಚಿನ ಮೇಲೆ ಬೂಷ್ಟಿನ ಬೀಜಕಣಗಳು ಸಾಯುವುದು ನಿಜ. ಆದರೆ ಮೆತ್ತನೆ ರೊಟ್ಟಿಯೂ ಅದೇ ಹಂಚಿನಿಂದಲೇ ಇಳಿದದ್ದು. ಬೂಷ್ಟು ಬರುವುದು ಬೆಂದ ಮೇಲೆ ಗಾಳಿಯಿಂದ, ಕೈಯಿಂದ, ಬುಟ್ಟಿಯಿಂದ, ಹಾಸಿದ ಬಟ್ಟೆಯಿಂದ ಬಿದ್ದ ಕಣಗಳಿಂದ. ಒಂದು ಮಿಲಿಮೀಟರಿನ ಕೆಲವೇ ಸಾವಿರದ ಭಾಗದಷ್ಟು ಸಣ್ಣದಾದ ಈ ಕಣಗಳು ಇಲ್ಲದ ಅಡುಗೆಮನೆ ಎಂಬುದಿಲ್ಲ. ಎರಡೂ ರೊಟ್ಟಿಗಳ ಮೇಲೆ ಅವು ಬಿದ್ದೇ ಇರುತ್ತವೆ. ಒಂದರ ಮೇಲೆ ಮೊಳೆಯುತ್ತವೆ, ಇನ್ನೊಂದರ ಮೇಲೆ ಸುಮ್ಮನೆ ಕೂತಿರುತ್ತವೆ.

ವ್ಯತ್ಯಾಸ ಇರುವುದು ನೀರಿನಲ್ಲಿ. ಹಾಗೆಂದು ನೀರು ಎಷ್ಟಿದೆ ಎಂಬ ಲೆಕ್ಕವೊಂದೇ ಸಾಲದು. ಇರುವ ನೀರಿನಲ್ಲಿ ಬೂಷ್ಟಿನ ಕೈಗೆ ಸಿಗುವಂಥದ್ದು ಎಷ್ಟು ಎಂಬುದು ಮುಖ್ಯ. ಆಸ್ಟ್ರೇಲಿಯಾದ ವಿಜ್ಞಾನಿ ಡಬ್ಲ್ಯು. ಜೆ. ಸ್ಕಾಟ್ 1950ರ ದಶಕದಲ್ಲಿ ಈ ಮಾತನ್ನು ಗಟ್ಟಿಯಾಗಿ ಸ್ಥಾಪಿಸಿದರು. ಪಿಷ್ಟ, ಸಕ್ಕರೆ, ಉಪ್ಪು ತಮ್ಮ ಸುತ್ತಲಿನ ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಆ ಹಿಡಿತ ಎಷ್ಟು ಸಡಿಲವಾಗಿದೆ ಎಂಬುದನ್ನು ಸೊನ್ನೆಯಿಂದ ಒಂದರವರೆಗಿನ ಅಂಕಿಯಲ್ಲಿ ಹೇಳುವುದು ರೂಢಿ. ಇದಕ್ಕೆ ಜಲ ಸಕ್ರಿಯತೆ ಎಂದು ಹೆಸರು. ಶುದ್ಧ ನೀರಿಗೆ 1, ಬ್ರೆಡ್ಡಿಗೆ ಸುಮಾರು 0.95, ಜೇನುತುಪ್ಪಕ್ಕೆ 0.6ರ ಆಸುಪಾಸು. ಹೆಚ್ಚಿನ ಬ್ಯಾಕ್ಟೀರಿಯಾಗಳು 0.91ಕ್ಕಿಂತ ಕೆಳಗೆ ಬೆಳೆಯಲಾರವು. ಬೂಷ್ಟು ಅವಕ್ಕಿಂತ ಗಟ್ಟಿ. ಬಹುತೇಕ ಜಾತಿಗಳು 0.80ರವರೆಗೂ ತಾಳಿಕೊಳ್ಳುತ್ತವೆ, ಬರಕ್ಕೆ ಒಗ್ಗಿದ ಕೆಲವು 0.65ರ ತನಕವೂ. 0.6ರ ಕೆಳಗೆ ಯಾವ ಬೂಷ್ಟೂ ಆಹಾರದ ಮೇಲೆ ಬೆಳೆಯುವುದಿಲ್ಲ. ಮೆತ್ತನೆ ರೊಟ್ಟಿ ಬ್ರೆಡ್ಡಿನ ಹತ್ತಿರದಲ್ಲಿದೆ. ಮುರಿದರೆ ಚಟ್ಟೆಂದು ಸದ್ದು ಮಾಡುವ ಕಡಕ್ ರೊಟ್ಟಿ ಬಿಸ್ಕತ್ತಿನ ಹಾಗೆ ಈ ಗೆರೆಗಿಂತ ಬಹಳ ಕೆಳಗಿದೆ.

ಇಷ್ಟು ನಿಖರವಾದ ಗೆರೆ ಯಾಕೆ ಎಂಬುದು ಬೂಷ್ಟು ಬೆಳೆಯುವ ರೀತಿಯಲ್ಲೇ ಇದೆ. ಬಿದ್ದ ಕಣ ಮೊದಲು ನೀರು ಹೀರಿ ಉಬ್ಬುತ್ತದೆ. ಆಮೇಲೆ ಒಂದು ಮಗ್ಗುಲಿನಿಂದ ಸಣ್ಣ ಕೊಳವೆ ಹೊರಡುತ್ತದೆ. ಆ ಕೊಳವೆಯ ತುದಿ ಮುಂದೆ ಸಾಗುವುದು ಒಳಗಿನ ನೀರಿನ ಒತ್ತಡದಿಂದ. ಒತ್ತಡ ಇಲ್ಲದಿದ್ದರೆ ಎಳೆ ಬೆಳೆಯದು. ಹೊರಗಿನ ಆಹಾರ ನೀರನ್ನು ತನ್ನ ಕಡೆ ಎಳೆಯುತ್ತಿದ್ದಷ್ಟೂ ಬೂಷ್ಟು ಒಳಗಿನಿಂದ ಅದಕ್ಕಿಂತ ಬಲವಾಗಿ ಎಳೆಯಬೇಕು. ಬರ ತಾಳುವ ಜಾತಿಗಳು ಇದಕ್ಕಾಗಿ ಜೀವಕೋಶದೊಳಗೆ ಗ್ಲಿಸರಾಲ್ ತಯಾರಿಸಿ ತುಂಬಿಕೊಳ್ಳುತ್ತವೆ. ಅದಕ್ಕೆ ಶಕ್ತಿ ಖರ್ಚು, ಸಮಯ ಖರ್ಚು. ಹೀಗಾಗಿ 0.95ರಲ್ಲಿ ಒಂದು ದಿನದೊಳಗೆ ಮೊಳೆಯುವ ಕಣ 0.75ಕ್ಕೆ ಇಳಿದರೆ ವಾರಗಟ್ಟಲೆ ತೆಗೆದುಕೊಳ್ಳಬಹುದು. ರೊಟ್ಟಿಯ ಮೇಲೆ ಮೊದಲು ಕಾಣುವ ಬಿಳಿ ನೂಲು ಈ ಎಳೆಗಳದ್ದು. ಹಸಿರು, ಕಪ್ಪು ಪುಡಿ ಕಂಡಿತೆಂದರೆ ಬೂಷ್ಟು ಬೆಳೆದು ಮತ್ತೆ ಬೀಜಕಣ ಬಿಟ್ಟಾಯಿತು ಎಂದರ್ಥ. ಕಂಡ ಚುಕ್ಕೆಯನ್ನು ಮುರಿದು ಎಸೆದು ಉಳಿದದ್ದನ್ನು ತಿನ್ನುವ ರೂಢಿ ಇದೆಯಲ್ಲ, ಅದು ನೆಲದ ಮೇಲಿನ ಗಿಡ ಕಿತ್ತು ಬೇರನ್ನು ಒಳಗೇ ಬಿಟ್ಟ ಹಾಗೆ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ: ಹಾಗಿದ್ದರೆ ಸೊಲ್ಲಾಪುರದ ಬಿಸಿಲಿಗೇನು ಕೆಲಸ? ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಬೂಷ್ಟು ಬೇಗ ಬರಬೇಕೋ, ತಡವಾಗಿ ಬರಬೇಕೋ? ಎರಡೂ ಸರಿ. ಬೆಚ್ಚಗಿನ ಹವೆ ಬೂಷ್ಟಿಗೆ ಇಷ್ಟ. ಶೇಂಗಾ, ಮೆಕ್ಕೆಜೋಳಗಳನ್ನು ಕಾಡುವ ಆಸ್ಪರ್ಜಿಲಸ್ ಫ್ಲೇವಸ್ 30ರಿಂದ 35 ಡಿಗ್ರಿಯಲ್ಲಿ ಹುಲುಸಾಗಿ ಬೆಳೆಯುತ್ತದೆ. ಆದರೆ ಅದೇ ಬಿಸಿ ಗಾಳಿ ತೆರೆದಿಟ್ಟ ರೊಟ್ಟಿಯ ನೀರನ್ನೂ ಹೀರುತ್ತದೆ. ರೊಟ್ಟಿ ಒಣಗುವುದು ಮೊದಲೋ, ಕಣ ಮೊಳೆಯುವುದು ಮೊದಲೋ ಎಂಬ ಪಂದ್ಯ ಅದು. ಮೇ ತಿಂಗಳಲ್ಲಿ ಬಟ್ಟೆ ಹೊದಿಸಿ ಬುಟ್ಟಿಯಲ್ಲಿಟ್ಟರೆ ರೊಟ್ಟಿ ಗೆಲ್ಲುತ್ತದೆ. ಬಿಸಿಯಿರುವಾಗಲೇ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿದರೆ, ಒಳಗೆ ಹನಿಗಟ್ಟಿದ ಹಬೆ ಮತ್ತೆ ರೊಟ್ಟಿಯ ಮೇಲೇ ಇಳಿದು ಬೂಷ್ಟು ಗೆಲ್ಲುತ್ತದೆ. ಆಷಾಢ ಶ್ರಾವಣದಲ್ಲಿ ಲೆಕ್ಕ ತಿರುಗುತ್ತದೆ. ತೆರೆದಿಟ್ಟ ಆಹಾರ ಸುತ್ತಲಿನ ಗಾಳಿಯ ಜತೆ ನಿಧಾನವಾಗಿ ಸಮಕ್ಕೆ ಬರುತ್ತದೆ: ಗಾಳಿಯ ತೇವ ದಿನಗಟ್ಟಲೆ ಶೇ. 80ರಲ್ಲೇ ನಿಂತರೆ ರೊಟ್ಟಿಯ ಅಂಕಿಯೂ 0.80ರತ್ತ ಏರುತ್ತದೆ. ಮಳೆಗಾಲದಲ್ಲಿ ಕಡಕ್ ರೊಟ್ಟಿ ಮೆತ್ತಗಾಗುವುದು ಇದರಿಂದಲೇ. ಪ್ಲಾಸ್ಟಿಕ್ ಚೀಲ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಒಳಗಿದ್ದದ್ದನ್ನು ಒಳಗೇ, ಹೊರಗಿದ್ದದ್ದನ್ನು ಹೊರಗೇ ಇಡುತ್ತದೆ. ಒಣಗಿದ್ದನ್ನು ಕಟ್ಟಿದರೆ ಒಣಗಿಯೇ ಇರುತ್ತದೆ, ಹಸಿಯದನ್ನು ಕಟ್ಟಿದರೆ ಹಸಿಯಾಗಿಯೇ. ಫ್ರಿಜ್ಜಿನ ಮಾತೂ ಅಷ್ಟೇ: ಚಳಿ ಬೂಷ್ಟನ್ನು ನಿಧಾನಿಸುತ್ತದೆ, ನಿಲ್ಲಿಸುವುದಿಲ್ಲ, ಪೆನಿಸಿಲಿಯಂ ಜಾತಿಯ ಹಲವು ಬೂಷ್ಟುಗಳು ಅಲ್ಲೂ ಬೆಳೆಯುತ್ತವೆ. ತಿಂಗಳುಗಟ್ಟಲೆ ಇಟ್ಟ ಕಡಕ್ ರೊಟ್ಟಿಗೆ ಬರುವ ಕಮಟು ವಾಸನೆ ಮಾತ್ರ ಬೂಷ್ಟಿನದ್ದಲ್ಲ, ಹಿಟ್ಟಿನೊಳಗಿನ ಎಣ್ಣೆಯಂಶ ಗಾಳಿಗೆ ಕೆಟ್ಟದ್ದು.

ರೊಟ್ಟಿಯ ಜತೆಗಾರ ಶೇಂಗಾ ಚಟ್ನಿಯೂ ಈ ವಾದಕ್ಕೆ ಸಾಕ್ಷಿ ಹೇಳುತ್ತದೆ, ಸ್ವಲ್ಪ ಬೇರೆ ರೀತಿಯಲ್ಲಿ. ಜೋಳವನ್ನು ಶೇ. 12ರಷ್ಟು ತೇವದಲ್ಲಿ ಚೀಲ ಕಟ್ಟಿಡಬಹುದು. ಸುಲಿದ ಶೇಂಗಾ ಬೀಜ ಅಷ್ಟೇ ತೇವದಲ್ಲಿ ಬೂಷ್ಟು ಹಿಡಿಯುತ್ತದೆ, ಅದು ಶೇ. 7-8ಕ್ಕೆ ಇಳಿದಿರಬೇಕು. ಶೇಂಗಾದಲ್ಲಿ ಅರ್ಧದಷ್ಟು ಎಣ್ಣೆ. ಎಣ್ಣೆ ನೀರನ್ನು ಹಿಡಿದಿಡುವುದಿಲ್ಲ, ಹಾಗಾಗಿ ಇರುವ ನೀರೆಲ್ಲ ಉಳಿದರ್ಧ ಭಾಗದಲ್ಲೇ ಸೇರಿಕೊಂಡು ಬೂಷ್ಟಿಗೆ ಸುಲಭವಾಗಿ ಸಿಗುತ್ತದೆ. ಚಟ್ನಿಗೆ ಶೇಂಗಾ ಹುರಿಯುವಾಗ ಈ ನೀರು ಇನ್ನೂ ಇಳಿಯುತ್ತದೆ. ಒಣ ಖಾರ, ಉಪ್ಪು ಸೇರಿ ಕುಟ್ಟಿದಾಗ ಹಸಿ ಅಂಶ ಎಂದರೆ ಬೆಳ್ಳುಳ್ಳಿಯೊಂದೇ. ಖಾರ ಇರುವುದರಿಂದ ಕೆಡುವುದಿಲ್ಲ ಎಂಬ ನಂಬಿಕೆಗೆ ಆಧಾರ ಕಡಿಮೆ: ಸರಿಯಾಗಿ ಒಣಗದ ಒಣಮೆಣಸಿನಕಾಯಿಯೇ ಬೂಷ್ಟಿನ ಮನೆ. ಅದೇ ಚಟ್ನಿಗೆ ಒದ್ದೆ ಚಮಚ ಹಾಕಿ ನೋಡಿದರೆ ಸಾಕು, ಯಾವುದು ಕಾಯುತ್ತಿತ್ತು ಎಂಬುದು ಗೊತ್ತಾಗುತ್ತದೆ.

ಹಿಂದಿನವರ ಹಗೇವು ಒಣ ಹವೆಯ ಜತೆಗೆ ಇನ್ನೊಂದು ಉಪಾಯ ಕೂಡಿಸಿತ್ತು. ನೆಲದಡಿಯ ಆ ಗುಂಡಿಯಲ್ಲಿ ಜೋಳ ತುಂಬಿ ಬಾಯಿ ಮುಚ್ಚಿದರೆ, ಕಾಳೂ ಹುಳುವೂ ಉಸಿರಾಡಿ ಒಳಗಿನ ಆಮ್ಲಜನಕವನ್ನು ಮುಗಿಸುತ್ತಿದ್ದವು. ಬೂಷ್ಟಿಗೆ ಆಮ್ಲಜನಕ ಬೇಕೇ ಬೇಕು. ಬಾಯಿ ತೆರೆದ ತಕ್ಷಣ ಒಳಗೆ ಇಳಿದ ಮನುಷ್ಯರೂ ಸಾಯುತ್ತಿದ್ದರೆಂಬುದು ಆ ಗಾಳಿ ಎಷ್ಟು ಬದಲಾಗಿತ್ತು ಎಂಬುದನ್ನು ಹೇಳುತ್ತದೆ. ಆದರೂ ಗೋಡೆಗೆ ತಾಗಿದ ಕಾಳು ಮಣ್ಣಿನ ತೇವಕ್ಕೆ ಕೆಡುತ್ತಿತ್ತು.

ಇಷ್ಟರ ಮೇಲೆ, ಒಣ ರೊಟ್ಟಿ ತಿಂದರೆ ಭಯವಿಲ್ಲ ಎಂದು ಮುಗಿಸಬಹುದಿತ್ತು. ಆದರೆ ಈಗ ಒಣಗಿದೆ ಎಂಬುದಕ್ಕೂ ಎಂದೂ ಒದ್ದೆಯಾಗಿರಲಿಲ್ಲ ಎಂಬುದಕ್ಕೂ ವ್ಯತ್ಯಾಸವಿದೆ. ಬೂಷ್ಟು ಸತ್ತರೂ ಅದು ಬಿಟ್ಟ ವಿಷ ಉಳಿಯುತ್ತದೆ. ಸೊಲ್ಲಾಪುರದ ಭಾಗ್ಯವೆಂದರೆ ಅದರ ಜೋಳ ಹಿಂಗಾರಿಯದು. ಮಳೆ ನಿಲ್ಲುವ ಹೊತ್ತಿಗೆ ಬಿತ್ತಿ, ಎರೆ ಮಣ್ಣಿನಲ್ಲಿ ಉಳಿದ ತೇವದ ಮೇಲೆ ಬೆಳೆದು, ಒಣ ಹವೆಯಲ್ಲಿ ತೆನೆ ಬಲಿಯುವ ಬೆಳೆ. ಇದೇ ಜಿಲ್ಲೆಯ ಮೋಹೋಳದಲ್ಲಿ ಆರಿಸಿ ತೆಗೆದ ಮಾಲದಂಡಿ ಎಂ 35-1 ತಳಿ ದಶಕಗಳಿಂದ ಹೊಲದಲ್ಲಿ ಉಳಿದದ್ದಕ್ಕೆ ಅದರ ಮುತ್ತಿನಂಥ ಕಾಳೂ ಒಂದು ಕಾರಣ. 1964ರಲ್ಲಿ ಬಂದ ಸಿಎಸ್‌ಎಚ್-1 ಮತ್ತು ಆಮೇಲಿನ ಮುಂಗಾರಿ ಹೈಬ್ರಿಡ್‌ಗಳು ಇಳುವರಿ ಹೆಚ್ಚು ಕೊಟ್ಟವು, ಆದರೆ ಬೇಗ ಬಲಿತು ಮಳೆಗೆ ಸಿಕ್ಕವು. ತೆನೆಯಲ್ಲೇ ಕಾಳು ಕಪ್ಪಿಟ್ಟಿತು. ಅದರ ಪರಿಣಾಮ ಬರೀ ಬಣ್ಣಕ್ಕೆ ನಿಲ್ಲುವುದಿಲ್ಲ. 1995ರಲ್ಲಿ ದಖ್ಖನ್ನಿನ ಕೆಲವು ಹಳ್ಳಿಗಳಲ್ಲಿ ಮಳೆಗೆ ನೆನೆದ ಜೋಳ, ಮೆಕ್ಕೆಜೋಳದ ರೊಟ್ಟಿ ತಿಂದವರಿಗೆ ಹೊಟ್ಟೆನೋವು, ಭೇದಿ ಹತ್ತಿಕೊಂಡಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು ಆ ಕಾಳಿನಲ್ಲಿ ಫ್ಯುಸೇರಿಯಂ ಬೂಷ್ಟಿನ ವಿಷವಾದ ಫ್ಯುಮೊನಿಸಿನ್ ಇದ್ದುದನ್ನು ಗುರುತಿಸಿದರು. ಆ ರೊಟ್ಟಿಗಳೂ ಹಂಚಿನ ಮೇಲೆ ಬೆಂದವೇ.

ಬರವೇ ಮದ್ದು ಎನ್ನುವವರಿಗೆ ಶೇಂಗಾ ಬೇರೆಯೇ ಪಾಠ ಕಲಿಸುತ್ತದೆ. ಕಾಯಿ ಬಲಿಯುವ ಕೊನೆಯ ವಾರಗಳಲ್ಲಿ ಮಳೆ ಕೈಕೊಟ್ಟು ನೆಲ ಕಾದರೆ, ಗಿಡ ತನ್ನ ರಕ್ಷಣೆಗೆ ತಯಾರಿಸುವ ರಾಸಾಯನಿಕಗಳು ನಿಲ್ಲುತ್ತವೆ. ಆದರೆ ಕಾಳಿನಲ್ಲಿ ಆಸ್ಪರ್ಜಿಲಸ್‌ಗೆ ಸಾಕಾಗುವಷ್ಟು ನೀರು ಇನ್ನೂ ಇರುತ್ತದೆ. ಆ ಸಂದಿಯಲ್ಲಿ ಅದು ಒಳನುಗ್ಗಿ ಅಫ್ಲಾಟಾಕ್ಸಿನ್ ಬಿಡುತ್ತದೆ. ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುವ ವಿಷ ಅದು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಶೇಂಗಾ ಹಿಂಡಿ ತಿಂದು ಸತ್ತಾಗ ಜಗತ್ತಿಗೆ ಅದರ ಪರಿಚಯವಾಯಿತು. ಹುರಿದರೆ ಸ್ವಲ್ಪ ಕಡಿಮೆಯಾಗುತ್ತದೆ, ಹೋಗುವುದಿಲ್ಲ. ಅಜ್ಜಂದಿರು ಇದನ್ನೇ ತಿಂದು ಬದುಕಿದರಲ್ಲ ಎಂದರೆ, ವರ್ಷಗಟ್ಟಲೆ ಸಣ್ಣ ಪ್ರಮಾಣದಲ್ಲಿ ಸೇರುವ ವಿಷದ ಲೆಕ್ಕ ಅಜ್ಜಂದಿರ ಕಾಲದಲ್ಲಿ ಯಾರೂ ಇಟ್ಟಿರಲಿಲ್ಲ. ಬದುಕಿದವರು ಮಾತ್ರ ನೆನಪಿನಲ್ಲಿ ಉಳಿಯುತ್ತಾರೆ.

ಆದ್ದರಿಂದ ಪರೀಕ್ಷೆ ಮಾಡಬೇಕಾದ ಜಾಗ ರೊಟ್ಟಿಯ ಬುಟ್ಟಿಗಿಂತ ಮೊದಲು ಮೊರ. ಕಪ್ಪಿಟ್ಟ ಜೋಳ, ಸುಕ್ಕುಗಟ್ಟಿದ, ಬಣ್ಣಗೆಟ್ಟ, ಒಡೆದ ಶೇಂಗಾ ಬೀಜಗಳಲ್ಲೇ ವಿಷದ ಬಹುಪಾಲು ಇರುತ್ತದೆ. ಅವನ್ನು ಆರಿಸಿ ಎಸೆಯಿರಿ, ದನಕ್ಕೂ ಹಾಕಬೇಡಿ, ಯಾಕೆಂದರೆ ಅಫ್ಲಾಟಾಕ್ಸಿನ್ ಹಾಲಿಗೂ ಇಳಿಯುತ್ತದೆ. ಗಿರಣಿಗೆ ಹೋಗಿ ಹಿಟ್ಟಾದ ಮೇಲೆ, ಕುಟ್ಟಿ ಚಟ್ನಿಯಾದ ಮೇಲೆ ಕೆಟ್ಟ ಕಾಳನ್ನು ಕಣ್ಣಿನಿಂದಾಗಲಿ ನಾಲಿಗೆಯಿಂದಾಗಲಿ ಗುರುತಿಸಲು ಬರುವುದಿಲ್ಲ.