ಒಂದು ಮಾತ್ರೆ ಮರೆತರೆ ಇಡೀ ಪ್ಯಾಕ್ ವ್ಯರ್ಥವೇ?

‘ಗರ್ಭನಿರೋಧಕ ಮಾತ್ರೆ ಒಂದು ದಿನ ತಪ್ಪಿದರೂ ಪ್ಯಾಕ್ ಎಸೆದುಬಿಡಿ’ ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ತಪ್ಪು.

ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಸಿಗುವ ‘ಮಾಲಾ-ಎನ್’ ಪ್ಯಾಕ್‌ನಲ್ಲಿ 28 ಮಾತ್ರೆಗಳಿವೆ. 21 ಬಿಳಿ ಮಾತ್ರೆಗಳಲ್ಲಿರುವ ಎರಡು ಹಾರ್ಮೋನುಗಳು ಅಂಡಾಣು ಬಿಡುಗಡೆಯಾಗದಂತೆ ತಡೆಯುತ್ತವೆ. ಉಳಿದ 7 ಬಣ್ಣದ ಮಾತ್ರೆಗಳಲ್ಲಿ ಇರುವುದು ಕಬ್ಬಿಣಾಂಶ ಮಾತ್ರ.

ಒಂದು ಬಿಳಿ ಮಾತ್ರೆ ಮರೆತಿರಾ? ನೆನಪಾದ ಕೂಡಲೇ ನುಂಗಿ. ಆ ದಿನದ ಮಾತ್ರೆಯನ್ನು ಎಂದಿನ ಸಮಯಕ್ಕೇ ತೆಗೆದುಕೊಳ್ಳಿ. ಒಂದೇ ದಿನ ಎರಡಾದರೂ ಭಯವಿಲ್ಲ.

ಸತತ ಎರಡು ಅಥವಾ ಹೆಚ್ಚು ತಪ್ಪಿದರೆ? ಒಂದನ್ನು ಕೂಡಲೇ ನುಂಗಿ, ದಿನಕ್ಕೊಂದರಂತೆ ಮುಂದುವರಿಸಿ. ಸತತ 7 ದಿನ ಬಿಳಿ ಮಾತ್ರೆ ನುಂಗುವವರೆಗೆ ಕಾಂಡೋಮ್ ಬಳಸಿ. ಮೂರನೇ ವಾರದಲ್ಲಿ ತಪ್ಪಿದ್ದರೆ ಬಣ್ಣದ ಮಾತ್ರೆಗಳನ್ನು ಬಿಟ್ಟು, ಬಿಳಿ ಮಾತ್ರೆ ಮುಗಿದ ಮರುದಿನವೇ ಹೊಸ ಪ್ಯಾಕ್ ಶುರು ಮಾಡಿ. ಮೊದಲ ವಾರದಲ್ಲಿ ತಪ್ಪಿ, ರಕ್ಷಣೆಯಿಲ್ಲದೆ ಲೈಂಗಿಕ ಸಂಪರ್ಕವಾಗಿದ್ದರೆ ತಡಮಾಡದೆ ವೈದ್ಯರನ್ನು ಕಾಣಿ. ತುರ್ತು ಗರ್ಭನಿರೋಧಕ ಬೇಕಾಗಬಹುದು.

ಬಣ್ಣದ ಮಾತ್ರೆ ಮರೆತರೆ ಗರ್ಭ ನಿಲ್ಲುವ ಚಿಂತೆಯಿಲ್ಲ. ಆದರೆ ಹೊಸ ಪ್ಯಾಕ್ ತಡ ಮಾಡಬೇಡಿ. ಹಾರ್ಮೋನಿಲ್ಲದ ದಿನಗಳು 7 ದಾಟಿದರೆ ಅಂಡಾಣು ಬಿಡುಗಡೆಯಾಗುವ ಸಾಧ್ಯತೆ ಹೆಚ್ಚುತ್ತದೆ.

ಗಮನಿಸಿ: ‘ಛಾಯಾ’ ಬೇರೆಯೇ ಮಾತ್ರೆ. ಅದಕ್ಕೆ ಈ ನಿಯಮಗಳು ಅನ್ವಯಿಸುವುದಿಲ್ಲ.